ತಾಟಿನ ಗುಡ್ಡ

ಬೆಟಗೇರಿ ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ
ಹಲ್ಲು ಕಟ್ಟುವವನು ನಾನು.
ಡಾಕ್ಟರಲ್ಲ. ಡಾಕ್ಟರು ಅಳತೆ ಕಳಿಸುತ್ತಾರೆ,
ನಾನು ಮೇಣ ಕಾಯಿಸಿ, ಗುಲಾಬಿ ವಸಡು ಎರೆದು
ಒಂದೊಂದೇ ಹಲ್ಲು ಕೂರಿಸುತ್ತೇನೆ.
ಸಂಜೆ ಏಳರ ಮೇಲೆ ಅದೇ ಚಿಮಟ, ಅದೇ ಕೊಕ್ಕಿ,
ಅದೇ ದೀಪ. ಕೆಲಸ ಬೇರೆ:
ತಾಟಿನಲ್ಲಿ ಗುಡ್ಡ ಕಟ್ಟುವುದು.

ಗಿಡ ಸಿಕ್ಕದ್ದು ಹಳೆಯ ಹತ್ತಿ ಪ್ರೆಸ್ಸಿನ ಗೋಡೆಯಲ್ಲಿ,
ಎರಡು ಇಟ್ಟಿಗೆಯ ನಡುವೆ ಸುಣ್ಣ ತಿಂದು ಬದುಕಿದ ಅರಳಿ.
ಗೋಡೆ ಕೆಡವುವ ದಿನ ಜೆಸಿಬಿಯ ಮುಸ್ತಾಕನಿಗೆ
ಎರಡು ಚಹಾ ಕುಡಿಸಿ, ಅರ್ಧ ತಾಸು ತಡೆದು
ಬೇರು ಬಿಡಿಸಿಕೊಂಡೆ.
ವಯಸ್ಸು ಹದಿನೈದೋ ಇಪ್ಪತ್ತೋ, ಎತ್ತರ ಒಂದು ಗೇಣು.
ಇದನ್ನು ಕುಳ್ಳಾಗಿಸಿದವನು ನಾನಲ್ಲ ಎಂದು
ನೋಡಿದವರಿಗೆಲ್ಲ ಮೊದಲೇ ಹೇಳಿಬಿಡುತ್ತೇನೆ.
ಅರ್ಧ ನಿಜ. ಉಳಿದರ್ಧ ಕತ್ತರಿಗೆ ಗೊತ್ತು.

ಕಲ್ಲು ಕಪ್ಪತಗುಡ್ಡದವು. ತರಬಾರದು, ಗೊತ್ತು.
ಇಳಿಯುವಾಗ ಜೇಬು ತುಸು ಜೋತುಬಿದ್ದಿತ್ತು, ಅಷ್ಟೇ.
ಒಂದು ತುಕ್ಕಿನ ಬಣ್ಣದ್ದು,
ಒಂದು ಬೆಲ್ಲದ ಪೆಂಟೆ ಒಡೆದಂಥದ್ದು,
ಮೂರನೆಯದು ಏನೂ ಅಲ್ಲದ್ದು.

ಕಲ್ಲು ನೆಡುವುದೂ ಹಲ್ಲು ಕೂರಿಸುವುದೂ ಒಂದೇ ವಿದ್ಯೆ.
ಕಾಣುವುದು ಒಂದು ಪಾಲು, ಕಾಣದ್ದು ಎರಡು.
ಬರೇ ಇಟ್ಟರೆ ಇಟ್ಟಂತೆಯೇ ಕಾಣುತ್ತದೆ;
ಹೂಳಿದರೆ, ಹುಟ್ಟಿದಂತೆ.
ತುಸು ಓರೆಯೂ ಇರಬೇಕು. ಸಾಲಾಗಿ ನೆಟ್ಟಗಿದ್ದ ಹಲ್ಲನ್ನು
ಯಾರೂ ನಂಬುವುದಿಲ್ಲ.

ಇನ್ನು ಹಾವಸೆ.
ಈ ಊರಿನಲ್ಲಿ ಹಾವಸೆ ಹುಡುಕುವುದೆಂದರೆ
ಬೋಳುತಲೆಯಲ್ಲಿ ಹೇನು ಹುಡುಕಿದ ಹಾಗೆ.
ಹತ್ತು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ
ಕಲ್ಲಿಗೆ ಹಸಿರು ಹತ್ತುವಷ್ಟು ನೀರು ಯಾರ ಹತ್ತಿರ ಇದೆ?
ಸಿಕ್ಕಿತು. ಟಾಕಿಯ ಹಿಂದೆ, ವಾಲ್ವ್ ಸೋರುವಲ್ಲಿ,
ನಗರಸಭೆ ನಾಲ್ಕು ವರ್ಷ ಮರೆತ ಮೂಲೆಯಲ್ಲಿ
ಮಖಮಲ್ಲಿನಂಥದ್ದು, ಅಂಗೈಯಗಲ.
ಕೊಕ್ಕಿಯಿಂದ ಎಬ್ಬಿಸಿ, ಒದ್ದೆ ಕರವಸ್ತ್ರದಲ್ಲಿ ತಂದು
ಮಜ್ಜಿಗೆ ಸವರಿದ ಮಣ್ಣಿಗೆ ಅಂಟಿಸಿದೆ.

ಆ ಸೋರಿಕೆಯ ಮೇಲೆ ಓಣಿಯವರು ಅರ್ಜಿ ಬರೆದಾಗ
ಸಹಿ ಹಾಕಿದವರಲ್ಲಿ ನಾನೂ ಒಬ್ಬ.
ಪೆನ್ನು ಒಂದು ಗಳಿಗೆ ನಿಂತದ್ದು ಯಾರಿಗೂ ಕಾಣಲಿಲ್ಲ.
ದುರಸ್ತಿಯಾಯಿತು. ಮೇ ತಿಂಗಳಿಗೆ ಅಲ್ಲಿಯ ಹಸಿರು
ಹಪ್ಪಳದ ಹಾಗೆ ಎದ್ದು ಗಾಳಿಗೆ ಹೋಯಿತು.
ಈಗ ಓಣಿಯ ಹಾವಸೆ ಉಳಿದಿರುವುದು
ನನ್ನ ತಾಟಿನಲ್ಲಿ.

ಮೊನ್ನೆ ಫಕ್ಕೀರವ್ವ ಬಂದಿದ್ದಳು,
ಕೆಳಗಿನ ಸೆಟ್ಟು ಚುಚ್ಚುತ್ತದೆಂದು.
ನಾನು ಅರದಿಂದ ಉಜ್ಜುವವರೆಗೆ
ಬೋಳು ಬಾಯಿ ಮಡಚಿಕೊಂಡು ತಾಟು ನೋಡಿದಳು.
ಚೆಂದ ಅನ್ನಲಿಲ್ಲ.
"ದಾರಿ ಎಲ್ಲೈತೋ ತಮ್ಮಾ?"
ಯಾವ ದಾರಿ?
"ಗುಡ್ಡಕ್ಕ ದಾರಿ ಬ್ಯಾಡೇನು?
ಹೊರಿ ಹೊತ್ತಾಕಿ ಎಲ್ಲಿ ಕಾಲಿಡಬೇಕ?"

ಹುಡುಗಿಯಿದ್ದಾಗ ಡೋಣಿಯಿಂದ ದಿನಾ ಹತ್ತಿದವಳಂತೆ,
ಕಟ್ಟಿಗೆಗೆ, ಸೀತಾಫಲಕ್ಕೆ, ಅಕ್ಕನ ಬಾಣಂತನದ ಬೇರಿಗೆ.
"ಈ ಕಲ್ಲಿನ ಹಿಂದ ನೆರಳಿರತೈತಿ. ಇಲ್ಲೆ ಕುಂದರತಿದ್ವಿ"
ಎಂದು, ನಾನು ಬೇಡವೆನ್ನುವ ಮೊದಲೇ
ತೋರುಬೆರಳು ಒತ್ತಿ ಎಳೆದಳು:
ತಾಟಿನ ಅಂಚಿನಿಂದ, ಅರಳಿಯ ಎಡಕ್ಕೆ ಬಳಸಿ,
ಏನೂ ಅಲ್ಲದ ಆ ಮೂರನೆಯ ಕಲ್ಲಿನ ತನಕ.

ಎಂಟು ತಿಂಗಳ ಹಾವಸೆ.
ಸುಮ್ಮನೆ ಸೆಟ್ಟು ಕೊಟ್ಟೆ. ಹಾಕಿಕೊಂಡು, ಕಟಕಟ ಕಡಿದು ನೋಡಿ
"ಈಗ ಸರಿ ಕುಂತೈತಿ" ಅಂದಳು.
ಹಲ್ಲೋ ಗುಡ್ಡವೋ, ಕೇಳಲಿಲ್ಲ.

ರಾತ್ರಿ ಚಿಮಟ ಹಿಡಿದು ಕೂತೆ, ಗೀರು ಮುಚ್ಚಲೆಂದು.
ಮಸೂರ ಏರಿಸಿದರೆ, ದಾರಿ ಮುಗಿಯುವಲ್ಲಿ,
ಕಲ್ಲಿನ ಹಿಂದೆ, ಹಸಿ ಮಣ್ಣಿನಲ್ಲಿ
ಅವಳ ಬೆರಳ ತುದಿಯ ಸುಳಿ.
ಚಿಮಟ ಕೆಳಗಿಟ್ಟೆ.

ಹಾವಸೆ ಬೆಳೆದು ಮುಚ್ಚುತ್ತದೆ, ಅದರ ಸ್ವಭಾವ.
ಹಾಗಾಗಿ ನೀರು ಚಿಮುಕಿಸುವಾಗ
ಆ ದಾರಿಗೆ ನನ್ನ ಬೆರಳು ಅಡ್ಡ ಇಡುತ್ತೇನೆ.
ನನ್ನದು ತುಸು ದಪ್ಪ.
ದಾರಿ ಅಗಲವಾಗುತ್ತಿದೆ.